ಎಲೆಯಿಲ್ಲದ ಪೆಟ್ಟಿಗೆ: ಚಿಕನ್ ಲೆಟ್ಯೂಸ್ ರ್ಯಾಪ್ ಕಿಟ್ಟನ್ನು ಮೂರು ಸಲ ಬಳಸಿದ ಮೇಲೆ

ಕೊಚ್ಚಿ ಹುರಿದ ಕೋಳಿಮಾಂಸವನ್ನು ಲೆಟ್ಯೂಸ್ ಎಂಬ ಗರಿಗರಿ ಸೊಪ್ಪಿನ ಎಲೆಯಲ್ಲಿ ಸುತ್ತಿ ತಿನ್ನುವ ಚಿಕನ್ ಲೆಟ್ಯೂಸ್ ರ್ಯಾಪನ್ನು ಮನೆಯಲ್ಲಿಯೇ ಇಪ್ಪತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು ಎಂಬ ಭರವಸೆ ಕೊಟ್ಟು ಆನ್‌ಲೈನಿನಲ್ಲಿ ಮಾರುವ ಕಿಟ್ಟೊಂದನ್ನು ಕಳೆದ ಅಕ್ಟೋಬರಿನಿಂದ ಜನವರಿಯವರೆಗೆ ಮೂರು ಸಲ ತರಿಸಿ, ಕಲಬುರಗಿಯ ನನ್ನ ಮನೆಯ ಒಲೆಯ ಮೇಲೆ ಮಾಡಿ ನೋಡಿದ್ದೇನೆ. ಮೊದಲ ಸಲದ ಅನುಭವವನ್ನಷ್ಟೇ ಬರೆದಿದ್ದರೆ ಇದು ಬರೀ ಬೈಗುಳವಾಗುತ್ತಿತ್ತು. ಮೂರನೆಯ ಸಲದ್ದನ್ನಷ್ಟೇ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಇಂಥದೇ ಪೆಟ್ಟಿಗೆಗಳನ್ನು ಬೇರೆಯವರೂ ಮಾರುತ್ತಾರೆ, ಮತ್ತು ನನ್ನ ಮುಖ್ಯ ದೂರು ಅವರೆಲ್ಲರಿಗೂ ಸಲ್ಲುವಂಥದ್ದು. ಈ ತಿನಿಸಿಗೆ ಹೆಸರು ಬಂದಿರುವುದೇ ಎಲೆಯಿಂದ. ಪೆಟ್ಟಿಗೆಯಲ್ಲಿ ಇಲ್ಲದಿರುವುದೂ ಆ ಎಲೆಯೇ.

ಬೆಲೆ 549 ರೂಪಾಯಿ, ಸಾಗಣೆ ಬೇರೆ. ಹೊದಿಕೆಯ ಮೇಲೆ ಹಸಿರು ದೊನ್ನೆಯಂಥ ಎಲೆಯಲ್ಲಿ ಕೆಂಪಗೆ ಹೊಳೆಯುವ ಕೋಳಿಮಾಂಸದ ಚಿತ್ರವಿದೆ, ಪಕ್ಕದಲ್ಲಿಯೇ ಸಸ್ಯಾಹಾರದ ಹಸಿರು ಚುಕ್ಕೆಯೂ ಇದೆ. ಮೊದಲು ನಗು ಬಂದಿತು. ಆಮೇಲೆ ನೋಡಿದರೆ ಚುಕ್ಕೆ ಸುಳ್ಳಲ್ಲ. ಕೋಳಿಯನ್ನೂ ಎಲೆಯನ್ನೂ ನಾವೇ ತರಬೇಕು. ಒಳಗಿರುವುದು 120 ಮಿಲಿಲೀಟರಿನ ಒಂದು ಸಾಸ್ ಚೀಲ, ಮೆಣಸಿನಕಾಯಿ ಎಣ್ಣೆಯ ಪುಟ್ಟ ಪೊಟ್ಟಣ, ಹುರಿದ ಎಳ್ಳಿನ ಎಣ್ಣೆಯದು ಇನ್ನೊಂದು, ನೀರಿನಲ್ಲಿಟ್ಟ ವಾಟರ್ ಚೆಸ್ಟ್‌ನಟ್ ಗಡ್ಡೆಗಳು, 50 ಗ್ರಾಂ ಗಾಜಿನಂಥ ಬಿಳಿ ಶಾವಿಗೆ ಮತ್ತು ಒಂದು ಚೀಟಿ. ನಾಲ್ಕು ಜನರಿಗೆ ಸಾಕೆಂದು ಬರೆದಿದ್ದಾರೆ. ಮುಖ್ಯ ಊಟವೆಂದುಕೊಂಡರೆ ಇಬ್ಬರಿಗೆ, ಸಂಜೆಯ ತಿಂಡಿಯಾದರೆ ನಾಲ್ವರಿಗೆ ಸರಿಹೋಗುತ್ತದೆ.

'ಏಷ್ಯನ್ ಶೈಲಿ' ಎಂದು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿದೆ. ಕಲಬುರಗಿಯೂ ಏಷ್ಯಾದಲ್ಲಿಯೇ ಇರುವುದರಿಂದ ಈ ಮಾತಿನಿಂದ ನಮಗೇನೂ ತಿಳಿಯುವುದಿಲ್ಲ. ಈ ತಿನಿಸಿನ ಬೇರು ದಕ್ಷಿಣ ಚೀನಾದ ಕ್ಯಾಂಟನೀಸ್ ಅಡುಗೆಯಲ್ಲಿದೆ. ಅಲ್ಲಿ ಪಾರಿವಾಳದ ಮಾಂಸವನ್ನು ಸಣ್ಣಗೆ ಕೊಚ್ಚಿ ಹುರಿದು ಲೆಟ್ಯೂಸ್ ಎಲೆಯಲ್ಲಿಟ್ಟು ತಿನ್ನುವ ರೂಢಿಯಿತ್ತು. ಕೋಳಿ, ಹಂದಿ ಅದರ ಜಾಗಕ್ಕೆ ಬಂದದ್ದು ಆಮೇಲೆ. ಕ್ಯಾಂಟನೀಸಿನಲ್ಲಿ ಲೆಟ್ಯೂಸಿಗಿರುವ ಹೆಸರು 'ಸಂಪತ್ತು ಹುಟ್ಟಲಿ' ಎಂಬ ಅರ್ಥದ ಮಾತಿನಂತೆಯೇ ಕೇಳಿಸುವುದರಿಂದ ಅವರ ಹೊಸ ವರ್ಷದ ಊಟದಲ್ಲಿ ಈ ಎಲೆಗೆ ಜಾಗವಿದೆ, ಸಿಂಹ ನೃತ್ಯದ ಸಿಂಹಕ್ಕೂ ಇದನ್ನೇ ಉಣಿಸುತ್ತಾರೆ. ಅಮೆರಿಕದಲ್ಲಿ ಇದನ್ನು ಮನೆಮಾತು ಮಾಡಿದ್ದು 1993ರಲ್ಲಿ ಅರಿಜೋನಾದಲ್ಲಿ ಶುರುವಾದ ಪಿ.ಎಫ್. ಚಾಂಗ್ಸ್ ಎಂಬ ಹೋಟೆಲುಗಳ ಸರಣಿ. ಕೊರಿಯಾದವರು ಸುಟ್ಟ ಮಾಂಸ, ಅನ್ನ, ಹುದುಗಿಸಿದ ಸೋಯಾ ಚಟ್ನಿಯನ್ನು ಎಲೆಯಲ್ಲಿ ಸುತ್ತಿ ಒಂದೇ ತುತ್ತಿಗೆ ತಿನ್ನುತ್ತಾರೆ, ಅದನ್ನು ಸ್ಸಾಮ್ ಎನ್ನುತ್ತಾರೆ. ನನ್ನ ಕೈಗೆ ಬಂದ ಕಿಟ್ಟಿನ ವಂಶ ಇವುಗಳಲ್ಲಿ ಅಮೆರಿಕದ ಹೋಟೆಲಿನದು: ಸಿಹಿ ಹೆಚ್ಚು, ಕುರುಕಲು ಶಾವಿಗೆ ಉಂಟು. ಇದು ದೋಷವೇನಲ್ಲ, ಆದರೆ ಚೀನಾದ ಮನೆಯೂಟವನ್ನು ನಿರೀಕ್ಷಿಸಿ ಕೊಳ್ಳಬಾರದು.

ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಸಾಸ್. ಅದರ ಆಧಾರ ಹೊಯಿಸಿನ್. ಹುದುಗಿಸಿದ ಸೋಯಾ, ಸಕ್ಕರೆ, ಬಳ್ಳೊಳ್ಳಿ, ವಿನೆಗರ್, ಮೆಣಸಿನಕಾಯಿ, ಎಳ್ಳು ಮತ್ತು ಮಸಾಲೆಯ ದಟ್ಟ ರಸ. ಹೊಯಿಸಿನ್ ಎಂಬ ಮಾತಿನ ಮೂಲಾರ್ಥ ಸಮುದ್ರದ ಆಹಾರ ಎಂದಾದರೂ ಅದರಲ್ಲಿ ಮೀನೂ ಇಲ್ಲ, ಸಿಗಡಿಯೂ ಇಲ್ಲ. ಚೀಲ ಕತ್ತರಿಸಿ ಬೆರಳ ತುದಿಯಲ್ಲಿ ನೆಕ್ಕಿದರೆ ಮೊದಲು ಹುಣಿಸೇಹಣ್ಣು ಬೆಲ್ಲದ ಗೊಜ್ಜಿನಂಥ ಸಿಹಿ, ಅದರ ಹಿಂದೆಯೇ ಉಪ್ಪು, ಕೊನೆಯಲ್ಲಿ ಚಕ್ರಮೊಗ್ಗಿನ ಘಮ ಮೂಗಿಗೇರುತ್ತದೆ. ನಮ್ಮಲ್ಲಿ ಗೋಬಿ ಮಂಚೂರಿ ಬಂಡಿಗಳ ಮೇಲೆ ಸಿಗುವ ಚೈನೀಸ್ ರುಚಿಗೂ ಇದಕ್ಕೂ ಬಹಳ ಅಂತರವಿದೆ. ಬಂಡಿಯದು ಟೊಮೆಟೊ ಸಾಸ್, ಸೋಯಾ ಮತ್ತು ಖಾರದ ಗುದ್ದಾಟ, ಇದಕ್ಕೆ ಆಳವಿದೆ. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಮಾಡಬೇಕೆಂಬುದು ನಿಯಮ, ಈ ಚೀಲದ ಮೇಲೆ ಮೊದಲು ಬರುವುದು ಸಕ್ಕರೆ. ಮಧುಮೇಹ ಇರುವವರು ಇದನ್ನು ಓದಿಯೇ ಮುಂದುವರಿಯಬೇಕು. ಉಪ್ಪಿನ ಮಾತೂ ಹಾಗೆಯೇ: ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿಯೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳುವ ಮಿತಿ 2,000 ಮಿಲಿಗ್ರಾಂ. ಆದ್ದರಿಂದ ಮಾಂಸಕ್ಕೆ ಬೇರೆಯಾಗಿ ಉಪ್ಪು ಹಾಕಬೇಡಿ. ಚೀಟಿಯಲ್ಲಿ 'ರುಚಿಗೆ ತಕ್ಕಷ್ಟು ಉಪ್ಪು' ಎಂದಿದೆ. ಮೊದಲ ಸಲ ಅದನ್ನು ನಂಬಿ ಅರ್ಧ ಚಮಚ ಹಾಕಿದ್ದೆ. ಮನೆಯವರೆಲ್ಲ ರಾತ್ರಿಯಿಡೀ ನೀರು ಕುಡಿದರು.

ಸೇವೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಮೂರು ಪೆಟ್ಟಿಗೆಗಳೂ ಆರ್ಡರ್ ಮಾಡಿದ ನಾಲ್ಕು ಐದು ದಿನಗಳಲ್ಲಿ ಮನೆಗೆ ಬಂದವು. ಎರಡನೆಯದರಲ್ಲಿ ಮೆಣಸಿನಕಾಯಿ ಎಣ್ಣೆಯ ಪೊಟ್ಟಣ ಒಡೆದು, ಚೀಟಿ, ಶಾವಿಗೆಯ ಚೀಲ, ರಟ್ಟು ಎಲ್ಲವೂ ಕೆಂಪಾಗಿದ್ದವು. ಫೋಟೊ ಕಳುಹಿಸಿದೆ. ಎರಡು ದಿನ ಯಂತ್ರದ ಉತ್ತರಗಳನ್ನೇ ಓದಿದ ಬಳಿಕ ಒಬ್ಬ ಮನುಷ್ಯರು ಸಿಕ್ಕರು. ಹಣ ಮರಳಿಸಲು ಬರುವುದಿಲ್ಲ, ಮುಂದಿನ ಖರೀದಿಯಲ್ಲಿ 60 ರೂಪಾಯಿ ಕಡಿತ ಮಾಡುತ್ತೇವೆ ಎಂದರು. ಮೂರನೆಯ ಪೆಟ್ಟಿಗೆ ತರಿಸಲು ಆ 60 ರೂಪಾಯಿಯೂ ಒಂದು ಕಾರಣವೆಂದು ಒಪ್ಪಿಕೊಳ್ಳಬೇಕು, ಹಾಗಾಗಿ ಅವರ ಲೆಕ್ಕ ಸರಿಯಾಗಿಯೇ ಇದೆ.

ಇನ್ನು ಎಲೆಯ ಕಥೆ. ಚೀಟಿ ಹೇಳುವುದು ಇಷ್ಟೇ: 'ಒಂದು ತಾಜಾ ಐಸ್‌ಬರ್ಗ್ ಲೆಟ್ಯೂಸ್ ತೆಗೆದುಕೊಳ್ಳಿ.' ಐಸ್‌ಬರ್ಗ್ ಎಂದರೆ ಎಲೆಕೋಸಿನಂತೆ ಗುಂಡು ಕಟ್ಟುವ ಲೆಟ್ಯೂಸ್. ಚೀಟಿಯ ಆ ವಾಕ್ಯವನ್ನು ಬರೆದವರು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕುಳಿತು ಬರೆದಿರಬೇಕು. ನಾನು ಮೊದಲು ಹೋದದ್ದು ಕಣ್ಣಿ ಮಾರ್ಕೆಟ್ಟಿಗೆ. ಅಲ್ಲಿ ಮೆಂತ್ಯ, ಪಾಲಕ, ರಾಜಗಿರಿ, ಪುಂಡಿ, ಸಬ್ಬಸಿಗೆ, ಉಳ್ಳಾಗಡ್ಡಿ ತಪ್ಪಲು ಎಲ್ಲವೂ ರಾಶಿ ಬಿದ್ದಿದ್ದವು. ಸೊಪ್ಪಿನ ಮುದುಕಿ ನನ್ನ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡು, 'ಲೆಟ್ಯೂಸ್ ಅಂದ್ರ ಯಾನ್ರಿ ಅದು, ಪತ್ತಾಗೋಬಿ ಏನು?' ಎಂದಳು. ಕೊನೆಗೆ ಜೇವರ್ಗಿ ರಸ್ತೆಯ ಕಡೆಯ ಒಂದು ಹವಾನಿಯಂತ್ರಿತ ಅಂಗಡಿಯ ತಣ್ಣನೆಯ ಕಪಾಟಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಎರಡು ಗುಂಡುಗಳು ಸಿಕ್ಕವು. ಹೈದರಾಬಾದಿನಿಂದ ಬರುತ್ತದೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು. ಒಂದಕ್ಕೆ 120 ರೂಪಾಯಿ ಕೊಟ್ಟು ತಂದು ಬಿಚ್ಚಿದರೆ ಹೊರಗಿನ ನಾಲ್ಕು ಪದರ ತುಕ್ಕಿನ ಬಣ್ಣಕ್ಕೆ ತಿರುಗಿದ್ದವು.

ಇದರಲ್ಲಿ ಅಂಗಡಿಯವರ ತಪ್ಪಿಲ್ಲ. ಲೆಟ್ಯೂಸ್ ತಂಪಿನ ಬೆಳೆ. ಮಣ್ಣಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಹೆಚ್ಚಿನ ತಳಿಗಳ ಬೀಜ ಮೊಳೆಯುವುದೇ ಇಲ್ಲ. ಬೆಳೆದ ಗಿಡಕ್ಕೂ ಬಿಸಿಲು ಹೆಚ್ಚಾದರೆ ಅದು ಎಲೆ ಬಿಡುವುದನ್ನು ನಿಲ್ಲಿಸಿ ಹೂದಂಟು ಎಬ್ಬಿಸುತ್ತದೆ, ಎಲೆ ಕಹಿಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಅದನ್ನು ಬಯಲಿನಲ್ಲಿ ಬೆಳೆಯುವುದು ವರ್ಷದ ಎಂಟು ತಿಂಗಳು ಆಗದ ಮಾತು. ಐಸ್‌ಬರ್ಗ್ ಗುಂಡಿನಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ನೀರೇ ಇರುವುದರಿಂದ ದಾರಿಯಲ್ಲಿ ತಂಪು ತಪ್ಪಿದರೆ ಮೊದಲು ಸೋಲುವುದು ಅದರ ಗರಿಗರಿ. ಕಿಟ್ಟು ಮಾರುವವರು ಇಂಥ ಊರುಗಳಿಗೂ ಕಳುಹಿಸುವುದಾದರೆ, ಎಲೆ ಸಿಗದಿದ್ದರೆ ಏನು ಮಾಡಬೇಕೆಂದು ಎರಡು ಸಾಲು ಬರೆಯಬಹುದಿತ್ತು. ಬರೆದಿಲ್ಲ.

ಬಾಡಿದ ಎಲೆಯನ್ನು ಎಬ್ಬಿಸುವ ಉಪಾಯವನ್ನು ನಾನೇ ಬರೆಯುತ್ತೇನೆ. ಗುಂಡಿನ ಬುಡವನ್ನು ಅಡುಗೆಕಟ್ಟೆಗೆ ಒಮ್ಮೆ ಜೋರಾಗಿ ಕುಟ್ಟಿದರೆ ಒಳಗಿನ ದಿಂಡು ಸಡಿಲವಾಗುತ್ತದೆ. ಅದನ್ನು ತಿರುಚಿ ಕಿತ್ತು, ಆ ತೂತಿನೊಳಕ್ಕೆ ನಲ್ಲಿಯ ನೀರು ಬಿಟ್ಟರೆ ಪದರಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ, ಎಲೆ ಹರಿಯುವುದಿಲ್ಲ. ಆಮೇಲೆ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಟ್ಟರೆ ಎಲೆ ಮತ್ತೆ ನೀರು ಹೀರಿ ಸೆಟೆಯುತ್ತದೆ. ಕೊನೆಯ ಹೆಜ್ಜೆ ಮರೆಯಬಾರದು: ಒಣಗಿದ ಹತ್ತಿ ಬಟ್ಟೆಯಲ್ಲಿ ಒಂದೊಂದೇ ಎಲೆಯನ್ನು ಒತ್ತಿ ಒರೆಸಬೇಕು. ಎಲೆಯಲ್ಲಿ ನೀರು ಉಳಿದರೆ ಸಾಸ್ ತೆಳ್ಳಗಾಗಿ ಮೊಣಕೈಯವರೆಗೂ ಇಳಿಯುತ್ತದೆ. ನನ್ನ ಮಗಳ ಶಾಲೆಯ ಬಿಳಿ ಅಂಗಿಯ ಮೇಲಿನ ಕಲೆ ಇಂದಿಗೂ ಹೋಗಿಲ್ಲ.

ಕೋಳಿಯ ವಿಷಯದಲ್ಲಿ ಚೀಟಿ '500 ಗ್ರಾಂ ಚಿಕನ್ ಖೀಮಾ' ಎಂದು ಹೇಳಿ ಸುಮ್ಮನಾಗುತ್ತದೆ. ಮಾಂಸದ ಅಂಗಡಿಯಲ್ಲಿ 'ಮಷಿನ್‌ದಾಗ ಹಾಕ್ಲಿ ಏನ್ರಿ ಸರ, ಚಾಕುಲೇ ಕೊಚ್ಲಿ?' ಎಂದು ಕೇಳಿದಾಗ ಮೊದಲ ಸಲ ಮಷಿನ್ ಎಂದೆ. ಅದೇ ತಪ್ಪಾಯಿತು. ಯಂತ್ರದಲ್ಲಿ ಎರಡು ಸಲ ಹಾಯ್ದ ಕೋಳಿ ಅಂಟಂಟಾದ ಹಿಟ್ಟಿನಂತಾಗಿ, ಬಾಣಲೆಗೆ ಬಿದ್ದೊಡನೆ ಮುದ್ದೆಗಟ್ಟಿ, ಒಡೆಯಲು ಹೋದರೆ ರಬ್ಬರಿನಂತಾಯಿತು. ಈ ತಿನಿಸಿಗೆ ಬೇಕಾದದ್ದು ತೊಡೆಯ ಭಾಗದ ಮೂಳೆಯಿಲ್ಲದ ಮಾಂಸ, ಅದನ್ನು ಚಾಕುವಿನಿಂದ ಕಡಲೆಕಾಳಿಗಿಂತ ಸಣ್ಣದಾಗಿ ಕೊಚ್ಚಿರಬೇಕು. ಎದೆಯ ಭಾಗದಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಜೋರು ಉರಿಗೆ ಬೇಗ ಒಣಗುತ್ತದೆ. ಮನೆಯಲ್ಲಿಯೇ ಕೊಚ್ಚುವುದಾದರೆ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ತೆಗೆಯಿರಿ, ಚಾಕುವಿಗೆ ಜಾರದೆ ಹಿಡಿ ಸಿಗುತ್ತದೆ.

ಇಲ್ಲೊಂದು ಮಾತು ಅಪ್ರಿಯವಾಗಬಹುದು. ನಮ್ಮ ಮನೆಗಳಲ್ಲಿ ಕೋಳಿಯನ್ನು ಅರಿಶಿನ ಹಚ್ಚಿ ಮೂರು ನೀರಿನಲ್ಲಿ ತೊಳೆಯದೆ ಒಲೆಗೆ ಏರಿಸುವುದಿಲ್ಲ. ಹಸಿ ಕೋಳಿಯನ್ನು ತೊಳೆದಾಗ ಹಾರುವ ಹನಿಗಳೊಂದಿಗೆ ರೋಗಾಣುಗಳೂ ಸುತ್ತಮುತ್ತ ಹರಡುತ್ತವೆ, ತೊಳೆಯಬೇಡಿ ಎಂದು ಆಹಾರ ಸುರಕ್ಷತೆಯವರು ಹೇಳುತ್ತಾರೆ. ಸಾರು ಮಾಡುವ ದಿನ ಇದು ಅಷ್ಟು ಬಾಧಿಸದಿರಬಹುದು, ಏಕೆಂದರೆ ಎಲ್ಲವೂ ಕುದಿಯುತ್ತದೆ. ಇಲ್ಲಿ ಹಾಗಲ್ಲ, ಅದೇ ಕಟ್ಟೆಯ ಮೇಲೆ, ಅದೇ ತೊಟ್ಟಿಯ ಪಕ್ಕದಲ್ಲಿ ಹಸಿಯಾಗಿಯೇ ತಿನ್ನುವ ಎಲೆ ಇರುತ್ತದೆ. ಆದ್ದರಿಂದ ನಾನು ಮೊದಲು ಎಲೆಯ ಕೆಲಸವನ್ನೆಲ್ಲ ಮುಗಿಸಿ, ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿಗೆ ಸೇರಿಸಿದ ಮೇಲೆಯೇ ಕೋಳಿಯ ಚೀಲ ಬಿಚ್ಚುತ್ತೇನೆ. ಚಾಕು, ಮಣೆ ಎರಡಕ್ಕೂ ಬೇರೆ ಬೇರೆ. ಚೀಟಿಯಲ್ಲಿ ಇದರ ಸುಳಿವೂ ಇಲ್ಲ, ಇಂಥ ಉತ್ಪನ್ನದಲ್ಲಿ ಇದು ಸಣ್ಣ ಕೊರತೆಯಲ್ಲ.

ಚೀಟಿಯ ಪಾಕಕ್ರಮದಲ್ಲಿ ಇನ್ನೂ ಎರಡು ತಪ್ಪುಗಳಿವೆ. ಮೊದಲನೆಯದು, 500 ಗ್ರಾಂ ಮಾಂಸವನ್ನು ಒಟ್ಟಿಗೇ ಬಾಣಲೆಗೆ ಹಾಕಿ 'ಚೆನ್ನಾಗಿ ಕಲಕುತ್ತಿರಿ' ಎನ್ನುವುದು. ಮನೆಯ ಗ್ಯಾಸ್ ಒಲೆಗೆ ಹೋಟೆಲಿನ ಒಲೆಯ ಬಿರುಸಿಲ್ಲ. ಅಷ್ಟು ಮಾಂಸ ಒಮ್ಮೆಗೇ ಬಿದ್ದರೆ ಕಡಾಯಿ ತಣ್ಣಗಾಗಿ, ಮಾಂಸ ನೀರು ಬಿಟ್ಟು, ಆ ನೀರಿನಲ್ಲಿಯೇ ಬೇಯತೊಡಗುತ್ತದೆ. ನೀರಿರುವವರೆಗೆ ಬಿಸಿ 100 ಡಿಗ್ರಿಗಿಂತ ಮೇಲೇರುವುದಿಲ್ಲ, ಮಾಂಸ ಕಂದಾಗಿ ಘಮ ಹುಟ್ಟುವುದು 140 ಡಿಗ್ರಿಯ ಸುಮಾರಿಗೆ. ಎರಡನೆಯದು, ಸಾಸನ್ನು ಅರ್ಧ ಬೆಂದಾಗಲೇ ಸುರಿದು ಎಂಟು ನಿಮಿಷ ಬೇಯಿಸಿರಿ ಎನ್ನುವುದು. ಅಷ್ಟು ಸಕ್ಕರೆಯಿರುವ ರಸ ಎಂಟು ನಿಮಿಷ ಜೋರು ಉರಿಯಲ್ಲಿದ್ದರೆ ತಳ ಹತ್ತದೆ ಏನಾಗುತ್ತದೆ? ಅಕ್ಟೋಬರಿನ ಆ ಭಾನುವಾರ ನಮ್ಮ ತಟ್ಟೆಗೆ ಬಂದದ್ದು ಬೂದು ಬಣ್ಣದ ಮುದ್ದೆ, ಅದರ ಮೇಲೆ ಕಹಿ ಅಂಟು. ಹೆಂಡತಿ ಒಂದು ಮಾತೂ ಆಡದೆ ಎದ್ದುಹೋಗಿ ಮೊಟ್ಟೆ ಒಡೆದಳು.

ಎರಡನೆಯ ಸಲ ಚೀಟಿಯನ್ನು ಬದಿಗಿಟ್ಟೆ. ಕಬ್ಬಿಣದ ಕಡಾಯಿಯನ್ನು ಹೊಗೆಯಾಡುವಷ್ಟು ಕಾಯಿಸಿ, ಎರಡು ಚಮಚ ಕುಸುಬಿ ಎಣ್ಣೆ ಹಾಕಿ, ಮಾಂಸದ ಅರ್ಧ ಭಾಗವನ್ನು ತೆಳ್ಳಗೆ ಹರಡಿ, ಎರಡು ನಿಮಿಷ ಕೈ ಕಟ್ಟಿ ನಿಂತೆ. ಕಲಕದೆ ನಿಲ್ಲುವುದೇ ಕಷ್ಟದ ಕೆಲಸ. ಚಟಚಟ ಸದ್ದು ಕಡಿಮೆಯಾಗಿ ಅಂಚು ಕಂದಾದಾಗ ತಿರುವಿ, ತೆಗೆದಿಟ್ಟು, ಉಳಿದರ್ಧಕ್ಕೂ ಹಾಗೆಯೇ ಮಾಡಿದೆ. ಆಮೇಲೆ ಅದೇ ಕಡಾಯಿಯಲ್ಲಿ ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಐದು ಎಸಳು ಬಳ್ಳೊಳ್ಳಿ, ಹೆಬ್ಬೆರಳಷ್ಟು ಹಸಿ ಶುಂಠಿಯನ್ನು ಒಂದು ನಿಮಿಷ ಬಾಡಿಸಿ, ಮಾಂಸವನ್ನೆಲ್ಲ ಮರಳಿ ಹಾಕಿ, ಒಳಗೆಲ್ಲೂ ನಸುಗೆಂಪು ಉಳಿಯದಂತೆ ಬೇಯಿಸಿದೆ. ಅಡುಗೆ ಥರ್ಮಾಮೀಟರು ಇರುವವರಿಗೆ 74 ಡಿಗ್ರಿ ಎಂಬುದು ಗುರುತು. ಸಾಸ್ ಸುರಿದದ್ದು ಕೊನೆಯ ಒಂದೂವರೆ ನಿಮಿಷಕ್ಕೆ. ಅದು ಗುಳ್ಳೆಯೆದ್ದು ಮಾಂಸದ ಚೂರುಗಳಿಗೆ ಹೊಳಪಾಗಿ ಅಂಟಿಕೊಂಡಾಗ ಉರಿ ಆರಿಸಿ, ಹುರಿದ ಎಳ್ಳಿನ ಎಣ್ಣೆಯನ್ನು ಮೇಲೆ ಹನಿಸಿದೆ. ಈ ಎಣ್ಣೆ ನಮ್ಮ ಗಾಣದ ಎಳ್ಳೆಣ್ಣೆಯಂತೆ ಒಗ್ಗರಣೆಗೆ ಹಾಕುವುದಲ್ಲ. ಕಂದಾಗುವಂತೆ ಹುರಿದ ಎಳ್ಳಿನಿಂದ ತೆಗೆದದ್ದಾದ್ದರಿಂದ ಅದರ ಬೆಲೆಯೆಲ್ಲ ಘಮದಲ್ಲಿದೆ, ಉರಿಗಿಟ್ಟರೆ ಘಮ ಹಾರಿಹೋಗುತ್ತದೆ. ಅದೇ ಸಾಸ್, ಅದೇ ಕೋಳಿ, ಆದರೆ ಈ ಸಲ ಕಡಾಯಿಯಿಂದಲೇ ತೆಗೆದು ತಿನ್ನುವವರನ್ನು ತಡೆಯಬೇಕಾಯಿತು.

ವಾಟರ್ ಚೆಸ್ಟ್‌ನಟ್ ಎಂಬ ಗಡ್ಡೆ ನನಗೆ ಹೊಸದು. ಅದನ್ನು ಉಪವಾಸದ ಹಿಟ್ಟಿಗೆ ಬಳಸುವ ನಮ್ಮ ಸಿಂಗಾಡವೆಂದೇ ತಿಳಿದಿದ್ದೆ, ಇಂಗ್ಲಿಷಿನಲ್ಲಿ ಎರಡಕ್ಕೂ ಹೆಸರು ಅದೇ ಆದ್ದರಿಂದ. ಗಿಡಗಳು ಬೇರೆ ಬೇರೆ: ಸಿಂಗಾಡ ಕೆರೆಯಲ್ಲಿ ತೇಲುವ ಬಳ್ಳಿಯ ಕೋಡಿನಂಥ ಕಾಯಿ, ಚೀನಾದವರದು ಕೆಸರಿನಲ್ಲಿ ಬೆಳೆಯುವ ಜೇಕಿನ ಜಾತಿಯ ಹುಲ್ಲಿನ ಗಡ್ಡೆ. ಸಿಂಗಾಡ ಬೇಯಿಸಿದರೆ ಹಿಟ್ಟುಹಿಟ್ಟಾಗುತ್ತದೆ, ಇದು ಎಷ್ಟು ಬೇಯಿಸಿದರೂ ಹಲ್ಲಿಗೆ ಕರುಂ ಎನ್ನುತ್ತದೆ. ಇದರ ಜೀವಕೋಶಗಳ ಗೋಡೆಯಲ್ಲಿರುವ ಬೆಸುಗೆ ಬಿಸಿಗೆ ಬಿಡುವಂಥದ್ದಲ್ಲ. ಮೃದುವಾದ ಮಾಂಸದ ನಡುವೆ ಈ ಕರುಂ ಇಲ್ಲದಿದ್ದರೆ ತಿನಿಸು ಸಪ್ಪೆಯಾಗುತ್ತದೆ. ಆದರೆ ಪೆಟ್ಟಿಗೆಯಲ್ಲಿ ಬರುವುದು ತಿಂಗಳುಗಟ್ಟಲೆ ನೀರಿನಲ್ಲಿದ್ದ ಗಡ್ಡೆ. ಕರುಂ ಇದೆ, ರುಚಿ ಹೋಗಿದೆ, ತಗಡಿನ ವಾಸನೆಯ ಎಳೆಯೊಂದು ಉಳಿದಿದೆ. ಮೂರನೆಯ ಸಲ ಅದನ್ನು ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ ನವಿಲುಕೋಸನ್ನು ಸಣ್ಣ ಚೌಕಗಳಾಗಿ ಹೆಚ್ಚಿ ಸಾಸ್ ಹಾಕುವ ಮೊದಲು ಸೇರಿಸಿದೆ, ಮೇಲೆ ಹುರಿದ ಶೇಂಗಾ ಜಜ್ಜಿ ಉದುರಿಸಿದೆ. ಗಡ್ಡೆ ಇಲ್ಲದಿದ್ದರೂ ನಷ್ಟವಿಲ್ಲ ಎಂದು ಆಗ ತಿಳಿಯಿತು.

ಶಾವಿಗೆಯ ವಿಷಯಕ್ಕೆ ಬಂದರೆ ನನ್ನ ವಿಮರ್ಶಕ ಬುದ್ಧಿ ಕೆಲಸ ಮಾಡುವುದಿಲ್ಲ, ಅಷ್ಟು ಚೆಂದ. ಅದು ಹೆಸರುಕಾಳಿನ ಪಿಷ್ಟದಿಂದ ಮಾಡಿದ್ದು, ಒಣಗಿದಾಗ ಮೀನು ಹಿಡಿಯುವ ಗಾಳದ ದಾರದಂತೆ ಗಟ್ಟಿ. ಚೆನ್ನಾಗಿ ಕಾದ ಎಣ್ಣೆಗೆ ಒಂದು ಚಿಟಿಕೆಯಷ್ಟು ಬಿಟ್ಟರೆ, ತಳಕ್ಕೆ ಮುಟ್ಟುವ ಮೊದಲೇ ಅದರೊಳಗಿನ ತುಸು ತೇವ ಹಬೆಯಾಗಿ, ಎಳೆಗಳೆಲ್ಲ ಒಮ್ಮೆಲೇ ಉಬ್ಬಿ, ಬೆಳ್ಳಗೆ ಸುರುಳಿಸುರುಳಿಯಾಗಿ ಕಡಾಯಿಯ ತುಂಬ ಏಳುತ್ತವೆ. ಮೂರು ನಾಲ್ಕು ಸೆಕೆಂಡಿನ ಆಟ, ಐದಾದರೆ ಹಳದಿ. ಎಣ್ಣೆ ಸಾಕಷ್ಟು ಕಾದಿಲ್ಲದಿದ್ದರೆ ಉಬ್ಬದೆ ಕಲ್ಲಾಗುತ್ತದೆ, ಆದ್ದರಿಂದ ಮೊದಲು ಒಂದೇ ಎಳೆ ಹಾಕಿ ನೋಡಬೇಕು. ಸಂಡಿಗೆ ಕರಿಯುವ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಕ್ಕಳಿಬ್ಬರೂ ಕುರ್ಚಿಯ ಮೇಲೆ ಹತ್ತಿ ನಿಂತು ಪ್ರತಿ ಸಲವೂ ಹೋ ಎಂದು ಕೂಗಿದರು. ಶಾವಿಗೆಯನ್ನು ತಟ್ಟೆಯಲ್ಲಿ ಹಾಸಿ, ಮೇಲೆ ಮಾಂಸ ಬಡಿಸಿ, ಬೇಕಾದವರು ಬೇಕಾದಷ್ಟನ್ನು ಎಲೆಗೆ ತೆಗೆದುಕೊಳ್ಳಬೇಕು. ಮೊದಲೇ ಸುತ್ತಿಟ್ಟರೆ ಹತ್ತು ನಿಮಿಷದಲ್ಲಿ ಎಲ್ಲವೂ ಮೆತ್ತಗಾಗುತ್ತದೆ.

ನವೆಂಬರಿನ ಕೊನೆಯಲ್ಲಿ ಮಾಡಿದ ಆ ಎರಡನೆಯ ಸಲ ಲೆಟ್ಯೂಸ್ ಊರಿನಲ್ಲಿ ಎಲ್ಲಿಯೂ ಸಿಗಲಿಲ್ಲ, ಬದಲಿ ಎಲೆಗಳನ್ನು ಪರೀಕ್ಷಿಸಿದ್ದೂ ಆಗಲೇ. ಪಾಲಕ ಬಿಸಿ ಮಾಂಸ ತಗುಲಿದೊಡನೆ ಕುಸಿಯಿತು. ವೀಳ್ಯದೆಲೆ ನನ್ನ ಹೆಂಡತಿಯ ಸಲಹೆ; ಹುಡುಗಾಟಕ್ಕೆ ಹೇಳಿದ್ದಾದರೂ, ಥಾಯ್ಲೆಂಡಿನವರು ವೀಳ್ಯದ ಹತ್ತಿರದ ಸಂಬಂಧಿಯಾದ ಕಾಡೆಲೆಯಲ್ಲಿ ಶೇಂಗಾ, ಶುಂಠಿ, ಕೊಬ್ಬರಿ ಸುತ್ತಿ ತಿನ್ನುವುದುಂಟು. ನಮ್ಮ ಎಲೆ ಅದಕ್ಕಿಂತ ಖಾರ, ಸಾಸಿನ ಸಿಹಿಯೊಂದಿಗೆ ಸೇರಿ ಊಟ ಮುಗಿದ ಮೇಲಿನ ಪಾನಿನ ನೆನಪಾಯಿತು, ಎರಡನೆಯದನ್ನು ಯಾರೂ ಮುಟ್ಟಲಿಲ್ಲ. ಗೆದ್ದದ್ದು ಎಲೆಕೋಸು, ಅಂದರೆ ನಮ್ಮ ಕಡೆಯ ಪತ್ತಾಗೋಬಿ. ಒಳಗಿನ ಎಳೆಯ ಪದರಗಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಒರೆಸಿ, ನಡುವಿನ ದಪ್ಪ ನರವನ್ನು ಕತ್ತರಿಸಿ ತೆಗೆದರೆ ಮಡಚಿದರೂ ಮುರಿಯದ ದೊನ್ನೆ ಸಿಗುತ್ತದೆ. ಲೆಟ್ಯೂಸಿನ ತಂಪು ಅದಕ್ಕಿಲ್ಲ. ಆದರೂ ಸೊಪ್ಪಿನ ಮುದುಕಿಯ ಮಾತೇ ಕೊನೆಗೆ ಸರಿಯಾಯಿತು ಎನ್ನಬೇಕು.

ದೀಪಾವಳಿ ಮುಗಿದ ವಾರ ಮಾಳಿಗೆಯ ಮೇಲಿನ ಹಳೆಯ ಟಬ್ಬಿನಲ್ಲಿ ಗುಂಡು ಕಟ್ಟದ, ಬಿಡಿ ಎಲೆಯ ಲೆಟ್ಯೂಸ್ ಬೀಜ ಹಾಕಿದ್ದೆ. ಬೀಜ ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣಿನ ಮೇಲೆ ಉದುರಿಸಿ ತೆಳ್ಳಗೆ ಮರಳು ಮುಚ್ಚಿದ್ದಷ್ಟೇ. ಬೆಳಗಿನ ಬಿಸಿಲು ತಾಗುವಂತೆ, ಮಧ್ಯಾಹ್ನದ ಬಿಸಿಲು ತಾಗದಂತೆ ಗೋಡೆಯ ಮರೆಗಿಟ್ಟೆ. ಎರಡು ತಿಂಗಳೊಳಗೆ ಅಂಗೈಯಗಲದ ಎಲೆಗಳು ಬಂದವು. ಹೊರಗಿನವನ್ನಷ್ಟೇ ಕಿತ್ತುಕೊಂಡರೆ ನಡುವಿನಿಂದ ಹೊಸವು ಬರುತ್ತಲೇ ಇರುತ್ತವೆ. ಮೂರನೆಯ ಪೆಟ್ಟಿಗೆ ಒಡೆದದ್ದು ಈ ಎಲೆಗಳಿಗಾಗಿ, ಎಳ್ಳ ಅಮಾವಾಸ್ಯೆ ಕಳೆದ ಮುಂದಿನ ಭಾನುವಾರ. ಹಬ್ಬಕ್ಕೆಂದು ಚಿತ್ತಾಪುರದ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದ ಅವ್ವ ಮನೆಯಲ್ಲಿಯೇ ಇದ್ದಳು.

ಬರುವಾಗ ಅವಳು ಜೋಳದ ಹೊಲದಿಂದ ಒಂದು ಚೀಲ ಹಕ್ಕರಕಿ ತಂದಿದ್ದಳು. ಹಿಂಗಾರಿನಲ್ಲಿ ಹೊಲದ ತುಂಬ ತಾನೇ ಹುಟ್ಟುವ ಈ ತಪ್ಪಲನ್ನು ನಮ್ಮ ಸೀಮೆಯವರು ಹಸಿಯಾಗಿಯೇ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿಯ ಜೊತೆ ತಿನ್ನುತ್ತಾರೆ. ನಾನು ಟಬ್ಬಿನ ಎಲೆ ಕೀಳುವುದನ್ನು ನೋಡುತ್ತ ನಿಂತ ಅವ್ವ ಒಂದು ದಂಟನ್ನು ತೆಗೆದುಕೊಂಡು ಮುರಿದಳು. ತುದಿಯಲ್ಲಿ ಹಾಲಿನ ಹನಿ ಮೂಡಿತು. 'ಇದಕ್ಕೂ ಹಾಲು ಬರ್ತದಲ್ಲೋ ಯಪ್ಪಾ, ನಮ್ಮ ಹಕ್ಕರಕಿ ಕುಲಾನೇ ಇದು' ಎಂದಳು. ಶಾಸ್ತ್ರ ಓದದೆ ಹೇಳಿದ ಆ ಮಾತು ಶಾಸ್ತ್ರಕ್ಕೆ ಸರಿಯಾಗಿದೆ. ಲೆಟ್ಯೂಸಿನ ಲ್ಯಾಟಿನ್ ಹೆಸರಾದ ಲ್ಯಾಕ್ಟುಕಾ ಹುಟ್ಟಿದ್ದೇ ಹಾಲು ಎಂಬ ಅರ್ಥದ ಪದದಿಂದ. ಲೆಟ್ಯೂಸ್, ಹಕ್ಕರಕಿ, ನಾವು ಎಣ್ಣೆ ತೆಗೆಯುವ ಕುಸುಬಿ, ಸೂರ್ಯಕಾಂತಿ ಎಲ್ಲವೂ ಸಸ್ಯಗಳ ಒಂದೇ ಕುಟುಂಬಕ್ಕೆ ಸೇರಿದವು.

ಹಕ್ಕರಕಿಯ ಎಲೆ ಅಂಚು ಹರಿದ, ಕಿರಿದಾದ ಎಲೆ, ಸುತ್ತಲು ಬರುವುದಿಲ್ಲ. ಲೆಟ್ಯೂಸಿನ ಮೇಲೆ ನಾಲ್ಕೈದು ಹಕ್ಕರಕಿ ಎಲೆ ಹಾಸಿ, ಅದರ ಮೇಲೆ ಬಿಸಿ ಮಾಂಸ, ಶಾವಿಗೆ, ಶೇಂಗಾ ಇಟ್ಟು, ನಿಂಬೆಹಣ್ಣು ಹಿಂಡಿ ಮಡಚಿದೆವು. ಅದರ ನವಿರು ಕಹಿ ಸಾಸಿನ ಸಿಹಿಯನ್ನು ಎಷ್ಟು ಸರಿಯಾಗಿ ತಡೆಯಿತೆಂದರೆ, ಮೊದಲೆರಡು ಸಲ ನನಗೆ ಏನು ಕೊರತೆಯೆನಿಸಿತ್ತೋ ಅದು ಇದೇ ಎಂದು ಆಗ ಗೊತ್ತಾಯಿತು. ಐಸ್‌ಬರ್ಗಿಗೆ ನೀರಿದೆ, ಗರಿಯಿದೆ, ರುಚಿಯಿಲ್ಲ. ಅವ್ವ ಎರಡು ರ್ಯಾಪ್ ತಿಂದು, ಮೂರನೆಯದಕ್ಕೆ ಎಲೆಯನ್ನು ಬಿಟ್ಟು ಮಾಂಸವನ್ನು ಕಟಿ ರೊಟ್ಟಿಯ ಮೇಲೆ ಹಾಕಿಕೊಂಡಳು. 'ಸಿಹಿ ಜಾಸ್ತಿ ಅದ, ಆದ್ರ ರೊಟ್ಟಿಗಿ ಛಲೋ ಅದ' ಎಂಬುದು ಅವಳ ವಿಮರ್ಶೆ.

ಖರ್ಚಿನ ಲೆಕ್ಕ ಹೀಗಿದೆ. ಕಿಟ್ಟು, ಸಾಗಣೆ, ಅರ್ಧ ಕಿಲೊ ಕೋಳಿ, ಒಂದು ಐಸ್‌ಬರ್ಗ್ ಸೇರಿದರೆ ನನಗೆ ಒಂದು ಸಲಕ್ಕೆ 900 ರೂಪಾಯಿಯ ಹತ್ತಿರ ಆಯಿತು. ನಾಲ್ವರ ಸಂಜೆಯ ತಿಂಡಿಗೆ ಇದು ದುಬಾರಿಯೇ. ಕಿಟ್ಟಿಲ್ಲದೆ ಮಾಡುವವರು ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ನುಣ್ಣಗೆ ರುಬ್ಬಿದ ಶೇಂಗಾ, ಎರಡು ಚಿಕ್ಕ ಚಮಚ ಬೆಲ್ಲ, ಅಷ್ಟೇ ವಿನೆಗರ್, ಜಜ್ಜಿದ ಬಳ್ಳೊಳ್ಳಿ, ಚಿಟಿಕೆ ದಾಲ್ಚಿನ್ನಿ ಮತ್ತು ಸೋಂಪಿನ ಪುಡಿ ಕಲಸಿ ನೋಡಬಹುದು. ಒಂದು ಚಿಕ್ಕ ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಕೊನೆಗೆ ಸೇರಿಸಿದರೆ ಹೊಳಪೂ ಬರುತ್ತದೆ. ನಾನು ಮಾಡಿ ನೋಡಿದ್ದೇನೆ. ತಿನ್ನಲು ಚೆನ್ನಾಗಿದೆ, ಆದರೆ ಹುದುಗಿಸಿದ ಸೋಯಾದ ಆಳ ಬರಲಿಲ್ಲ. ಸಾಸಿನ ವಿಷಯದಲ್ಲಿ ಕಂಪನಿಯವರೇ ಗೆದ್ದರು. ಮಾಂಸ ತಿನ್ನದವರಿಗೆ ಇದೇ ಸಾಸಿನಲ್ಲಿ ಅಣಬೆ ಮತ್ತು ಪನೀರ್ ಮಾಡಿಕೊಟ್ಟೆವು, ಪಕ್ಕದ ಮನೆಯವರು ಮೆಚ್ಚಿದರು. ಸೋಯಾ, ಗೋಧಿ, ಎಳ್ಳು ಮೂರೂ ಸಾಸಿನಲ್ಲಿರುವುದರಿಂದ ಇವು ಒಗ್ಗದವರು ದೂರವಿರಬೇಕು.

ಐದಕ್ಕೆ ಅಂಕ ಕೊಡುವುದಾದರೆ ಸಾಸಿಗೆ ನಾಲ್ಕೂವರೆ, ಶಾವಿಗೆಗೆ ಐದು, ಗಡ್ಡೆಗೆ ಎರಡು, ಚೀಟಿಗೆ ಒಂದು. ಆ ಒಂದನ್ನೂ ಅಕ್ಷರಗಳು ದೊಡ್ಡದಾಗಿವೆ ಎಂಬುದಕ್ಕೆ ಕೊಟ್ಟಿದ್ದೇನೆ. ಬೆಂಗಳೂರಿನಲ್ಲಿರುವ ಬಂಧುಗಳು ಕೇಳಿದರೆ ಕಿಟ್ಟು ಕೊಳ್ಳಿರಿ ಎನ್ನುತ್ತೇನೆ. ಕಲಬುರಗಿ, ಬೀದರ್, ಯಾದಗಿರಿಯವರು ನವೆಂಬರಿನಿಂದ ಫೆಬ್ರವರಿಯವರೆಗೆ, ಎಲೆ ಕೈಯಲ್ಲಿದ್ದಾಗ ಮಾತ್ರ ಕೊಳ್ಳಬೇಕು; ಬೇಸಿಗೆಯಲ್ಲಿ ಬಾಡಿದ ಗುಂಡಿಗೆ ಹಣ ಕೊಡುವ ಬದಲು ಎಲೆಕೋಸು ಹಿಡಿಯುವುದು ಮೇಲು. ಸಾಸನ್ನೂ ಶಾವಿಗೆಯನ್ನೂ ಬಿಡಿಯಾಗಿ ಮಾರುತ್ತೀರಾ ಎಂದು ಆ 60 ರೂಪಾಯಿ ಕಡಿತ ಮಾಡಿದವರನ್ನೇ ಕೇಳಿದ್ದೇನೆ. ಯಂತ್ರದಿಂದ ಉತ್ತರ ಬಂದಿದೆ, ಮನುಷ್ಯರದಿನ್ನೂ ಬಂದಿಲ್ಲ.